ಅಕ್ಕನ ಟಿವಿಯ ಕೆಳಗಿನ ಸಾಲು

ಟಿವಿ ರಿಪೇರಿಯಿಂದ ಹೊಟ್ಟೆ ಹೊರೆದವನು ನಾನು. ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಗೆ ಹತ್ತಿರವಾಗಿ, ನನ್ನದೊಂದು ಸಣ್ಣ ಅಂಗಡಿ ಇದೆ. ಗಾಡಿ ಹಾದುಹೋದಾಗ ಗೋಡೆಗೆ ತೂಗುಹಾಕಿದ ಇಕ್ಕಳಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಇಷ್ಟು ವರ್ಷ ಅಲ್ಲಿ ಕೂತ ಮೇಲೆ ಹೇಳುತ್ತಿದ್ದೇನೆ, ಟಿವಿ ಅನ್ನುವುದು ನನಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ. ಕೆಟ್ಟದ್ದನ್ನು ಸರಿ ಮಾಡುವುದು ಬೇರೆ, ಅರ್ಥ ಮಾಡಿಕೊಳ್ಳುವುದು ಬೇರೆ. ಗಿರಾಕಿಗಳಿಗೆ ಇದನ್ನು ಹೇಳುವ ಹಾಗಿಲ್ಲ. ಹೇಳಿದರೆ ಮರುದಿನವೇ ಪಕ್ಕದ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ.

ನನ್ನ ಗೊಂದಲ ಶುರುವಾದದ್ದು ಡಬ್ಬಿ ಟಿವಿಗಳ ಕಾಲದಲ್ಲಿ. ಒಳಗಿನ ಒಂದು ಭಾಗ ಸೋತರೆ ಚಿತ್ರ ಮೇಲೆ ಕೆಳಗೆ ಕುಗ್ಗಿ, ಪರದೆಯ ನೆತ್ತಿಯಲ್ಲಿ ಕಪ್ಪು ಪಟ್ಟಿಯೊಂದು ಉಳಿಯುತ್ತಿತ್ತು. ಆ ಪಟ್ಟಿಯಲ್ಲಿ, ಚಿತ್ರ ಆರಂಭವಾಗುವ ಜಾಗಕ್ಕಿಂತ ಚೂರು ಮೇಲೆ, ಬಿಳಿಯ ಚುಕ್ಕೆ ಗೀಟುಗಳು ಸಾಲಾಗಿ ಕುಣಿಯುತ್ತಿದ್ದವು. ಚಿತ್ರ ನಿಂತಿದ್ದರೂ ಅವು ಮಾತ್ರ ನಿಲ್ಲುತ್ತಿರಲಿಲ್ಲ. ನನಗೆ ಕೆಲಸ ಕಲಿಸಿದ ಉಸ್ತಾದರನ್ನು ಕೇಳಿದೆ. "ಅದೆಲ್ಲಾ ನಮಗ್ಯಾಕ ಬೇಕಲೇ? ಚಿತ್ರ ಹಿಗ್ಗಸು, ಅವು ಮ್ಯಾಲ ಮುಚ್ಚಿ ಹೋಗತಾವ," ಅಂದರು. ಹಿಗ್ಗಿಸಿದೆ. ಮುಚ್ಚಿಹೋದವು. ನನ್ನ ತಲೆಯೊಳಗೆ ಮಾತ್ರ ಕುಣಿಯುತ್ತಲೇ ಇದ್ದವು.

ಬಹಳ ವರ್ಷಗಳ ಮೇಲೆ ಒಂದು ಹಳೆಯ ಪುಸ್ತಕದಲ್ಲಿ ಓದಿದೆ: ಚಿತ್ರದ ನೆತ್ತಿಯಲ್ಲಿರುವ ಅಂಥ ಸಾಲುಗಳಲ್ಲಿ ಅಕ್ಷರಗಳನ್ನು ಅಡಗಿಸಿ ಕಳಿಸುವ ಪದ್ಧತಿ ಇದೆಯಂತೆ. ಬೇರೆ ದೇಶಗಳಲ್ಲಿ ಕಿವಿ ಕೇಳದವರು ರಿಮೋಟಿನ ಒಂದು ಗುಂಡಿ ಒತ್ತಿದರೆ ಸಾಕು, ಟಿವಿ ಆ ಚುಕ್ಕೆಗಳನ್ನು ಬಿಚ್ಚಿ, ಆಡುವ ಮಾತನ್ನೆಲ್ಲ ಕೆಳಗೆ ಬರೆದು ತೋರಿಸುತ್ತದೆ. ಬೇಡದವರ ಮನೆಯಲ್ಲಿ ಅವು ಮುಚ್ಚಿಕೊಂಡೇ ಇರುತ್ತವೆ. ಅಮೆರಿಕದವರದು ಒಂದು ನಿಯಮ, ಯುರೋಪಿನವರದು ಇನ್ನೊಂದು. ಒಬ್ಬರ ಟಿವಿ ಇನ್ನೊಬ್ಬರ ಚುಕ್ಕೆಯನ್ನು ಓದುವುದಿಲ್ಲ. ಆ ಅಮೆರಿಕದ ಹಳೆಯ ನಿಯಮದಲ್ಲಿ ಕನ್ನಡದ ಒಂದು ಅಕ್ಷರಕ್ಕೂ ಜಾಗವೇ ಇಲ್ಲವೆಂದು ಓದಿ ನನಗೆ ಸಿಟ್ಟು ಬಂತು. ಹಾಗಾದರೆ ನನ್ನ ಅಂಗಡಿಯ ಟಿವಿಗಳಲ್ಲಿ ಕುಣಿದದ್ದೇನು? ಅಕ್ಷರವೋ, ಎಂಜಿನಿಯರುಗಳು ತಮಗಾಗಿ ಹಾಕಿಕೊಂಡ ಪರೀಕ್ಷೆಯ ಗುರುತೋ? ಇಂದಿಗೂ ಗೊತ್ತಿಲ್ಲ. ಕೇಳೋಣವೆಂದರೆ ಉಸ್ತಾದರಿಲ್ಲ.

ಇದನ್ನೆಲ್ಲ ನಾನು ತಲೆಗೆ ಹಚ್ಚಿಕೊಂಡದ್ದು ಅಕ್ಕನಿಗಾಗಿ.

ಅಕ್ಕನಿಗೆ ಕಿವಿ ಕೇಳುವುದಿಲ್ಲ. ಸಣ್ಣವಳಿದ್ದಾಗ ಜ್ವರ ಬಂದು, ಅದು ಇಳಿಯುವಷ್ಟರಲ್ಲಿ ಕಿವಿ ಹೋಗಿದ್ದವು. ಅದು ನಾನು ಹುಟ್ಟುವುದಕ್ಕೆ ಮೊದಲಿನ ಮಾತು. ಅವಳು ಹುಟ್ಟಿದ್ದು ತಿಕೋಟಾದಲ್ಲಿ, ಕೊಟ್ಟಿದ್ದೂ ಅಲ್ಲೇ, ಓಣಿಯೊಂದರ ಆಚೆ, ಸೋದರಮಾವನ ಮಗನಿಗೆ. ಹೀಗಾಗಿ ಊರೆಲ್ಲ ಅವಳಿಗೆ ಗೊತ್ತು, ಅವಳು ಊರಿಗೆಲ್ಲ ಗೊತ್ತು. ಓದು ಕಲಿಸಿದವರು ಸರಕಾರಿ ಸಾಲೆಯ ಒಬ್ಬ ಮಾಸ್ತರರು. ಮನೆಯವರು ಬೇಡವೆಂದರೂ ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು, ಪಾಟಿಯ ಮೇಲೆ ದ್ರಾಕ್ಷಿ ಎಂದು ಬರೆದು ಕೈಗೆ ದ್ರಾಕ್ಷಿ ಕೊಟ್ಟು, ಎಮ್ಮೆ ಎಂದು ಬರೆದು ಕಿಟಕಿಯಾಚೆಯ ಎಮ್ಮೆ ತೋರಿಸಿ ಕಲಿಸಿದರು. ಬರೆಯುವುದು ಅವಳಿಗೆ ಅಷ್ಟಾಗಿ ಕೈಹತ್ತಲಿಲ್ಲ. ಓದುವುದರಲ್ಲಿ ಮಾತ್ರ ನಮ್ಮೆಲ್ಲರಿಗಿಂತ ಚುರುಕು.

ಮದುವೆಯಾದ ಮೇಲೆ ಮಣೂಕದ ಶೆಡ್ಡಿಗೆ ಕೂಲಿಗೆ ಹೋದಳು. ಒಣಗಿದ ದ್ರಾಕ್ಷಿಯಿಂದ ಕಡ್ಡಿ, ಕೆಟ್ಟ ಕಾಳು ಆರಿಸುವ ಕೆಲಸ. ಅವಳ ಎದುರು ಕೂತು ಆರಿಸುತ್ತಿದ್ದ ಒಬ್ಬ ಮುಸ್ಲಿಂ ಹೆಣ್ಣುಮಗಳು ಅವಳ ಜೀವದ ಗೆಳತಿಯಾದಳು. ಇಬ್ಬರೂ ಸೇರಿ ತಮ್ಮದೇ ಕೈಸನ್ನೆ ಕಟ್ಟಿಕೊಂಡರು. ಮಾಲೀಕನಿಗೆ ಒಂದು ಗುರುತು, ಅವನ ಸಿಟ್ಟಿಗೆ ಒಂದು, ಅವನ ಹೊಟ್ಟೆಗೆ ಇನ್ನೊಂದು. ಮಷಿನ್ನಿನ ಗದ್ದಲದಲ್ಲಿ ಉಳಿದ ಹೆಂಗಸರು ಕೂಗಿ ಕೂಗಿ ಗಂಟಲು ಹರಿದುಕೊಳ್ಳುವಾಗ ಇವರಿಬ್ಬರ ಹರಟೆ ಆರಾಮಾಗಿ ನಡೆಯುತ್ತಿತ್ತಂತೆ. ನಮಗ್ಯಾರಿಗೂ ಆ ಸನ್ನೆಗಳು ಪೂರ್ತಿ ಬರಲಿಲ್ಲ. ಮನೆಯಲ್ಲಿ ನಾವು ಊಟ, ನೀರು, ಬಾ, ಹೋಗು ಇಷ್ಟರಲ್ಲೇ ಸಂಸಾರ ನಡೆಸಿದೆವು. ಮುಂದೆ ಆ ಗೆಳತಿ ಮಗಳ ಮನೆಯಲ್ಲಿರಲೆಂದು ಬಬಲೇಶ್ವರಕ್ಕೆ ಹೋದಳು. ಅಕ್ಕ ವರ್ಷಕ್ಕೊಮ್ಮೆ ತಪ್ಪದೆ ಹೋಗಿ ಬರುತ್ತಿದ್ದಳು.

ಅಕ್ಕನ ಮನೆಗೆ ಡಬ್ಬಿ ಟಿವಿ ತಂದಿಟ್ಟವನು ನಾನೇ. ಯಾರೋ ಬಿಟ್ಟುಹೋದದ್ದನ್ನು ಸರಿ ಮಾಡಿ ಒಯ್ದಿದ್ದೆ. ಊರಿನ ಕೇಬಲ್‌ನವನು ತನ್ನ ಮಾಳಿಗೆಯ ಕೋಣೆಯಿಂದ ಮನೆಮನೆಗೆ ವೈರು ಎಳೆದಿದ್ದ. ಎಲ್ಲರೂ ನೋಡುವ ಚಾನೆಲ್ಲುಗಳ ಕೆಳಗೆ ಅವನದೇ ಒಂದು ಪಟ್ಟಿ ಓಡುತ್ತಿತ್ತು. ಬಲದಿಂದ ಎಡಕ್ಕೆ ಹಳದಿ ಅಕ್ಷರಗಳು. ಸೀರೆ ಅಂಗಡಿಯ ರಿಯಾಯಿತಿ, ಮದುವೆಯ ಶುಭಾಶಯ, ಎಮ್ಮೆ ಕಳೆದಿದೆ ಕಂಡವರು ತಿಳಿಸಿ, ನಾಳೆ ನಳದ ನೀರಿಲ್ಲ, ಇಂಥವರು ತೀರಿಕೊಂಡಿದ್ದಾರೆ, ಅಂತ್ಯಕ್ರಿಯೆ ಸಂಜೆಗೆ. ಅದು ಮುಚ್ಚಿ ಕಳಿಸುವ ಅಕ್ಷರವಲ್ಲ. ಬೇಕಾದರೂ ಬೇಡವಾದರೂ ಚಿತ್ರದ ಮೇಲೇ ಕೂತಿರುವ ಅಕ್ಷರ. ಸಿನಿಮಾದ ನಾಯಕಿಯ ಕಾಲು ಯಾವತ್ತೂ ಆ ಪಟ್ಟಿಯ ಕೆಳಗೇ ಹೂತಿರುತ್ತಿತ್ತು.

ಅಕ್ಕ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂರುತ್ತಿದ್ದಳು. ಕಣ್ಣು ಪಟ್ಟಿಯ ಮೇಲೆಯೇ. ಪರದೆಯಲ್ಲಿ ತಾಯಿ ಮಗನನ್ನು ಅಪ್ಪಿಕೊಂಡು ಅಳುತ್ತಿದ್ದರೆ ಅಕ್ಕ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಪರದೆಯಲ್ಲಿ ಹಾಡು ಕುಣಿತ ನಡೆದಿದ್ದರೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಗಂಡ, ನಮ್ಮ ಮಾವ, ಇದನ್ನು ನೋಡಿ ಉರುಳಾಡಿ ನಗುತ್ತಿದ್ದ.

"ನೋಡು ತಮ್ಮಾ, ಅಲ್ಲಿ ರಾಜಾ ಅಡವಿಗೆ ಹೊಂಟಾನ, ಇಲ್ಲಿ ನಿಮ್ಮಕ್ಕ ಸೀರಿ ರೇಟ್ ಓದಿ ಖುಷಿ ಪಡಾಕತ್ತಾಳ. ಅವರು ಮಾತಾಡೂದ ಅದು ಅಂತ ತಿಳ್ಕೊಂಡಾಳ ಪಾಪ."

"ತಿಳ್ಕೊಳ್ಳಲಿ ಬಿಡ್ರಿ ಮಾವಾರ, ಅಕಿದರೆ ಕಥಿ ಮಸ್ತ್ ಇರತೈತಿ," ಅಂದು ನಾನೂ ನಗುತ್ತಿದ್ದೆ. ಕಳೆದ ಎಮ್ಮೆಯನ್ನು ಹುಡುಕಲು ರಾಜ ಅಡವಿಗೆ ಹೊರಟಿದ್ದಾನೆ ಎಂದು ಅವಳು ಓದಿಕೊಂಡಿರಬೇಕು ಎಂದು ನಾವು ಊಹಿಸುತ್ತಿದ್ದೆವು. ನಾವೆಲ್ಲ ಹಾಗೆಯೇ ನಂಬಿದ್ದೆವು. ಅವಳನ್ನು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಕೇಳುವುದಾದರೂ ಹೇಗೆ? ಊಟ, ನೀರು, ಬಾ, ಹೋಗು ಎಂಬ ನಮ್ಮ ಸನ್ನೆಗಳಲ್ಲಿ ಇಂಥ ಪ್ರಶ್ನೆ ಕೇಳಲು ಬರುವುದಿಲ್ಲ. ಬರೆದು ಕೇಳಬಹುದು ಎಂಬುದು ಯಾರಿಗೂ ಹೊಳೆಯಲಿಲ್ಲ.

ಆ ಮನೆಯಲ್ಲಿ ಇನ್ನೊಂದು ರೂಢಿ ಇತ್ತು. ಊರಲ್ಲಿ ಯಾರಾದರೂ ಸತ್ತರೆ ಮೊದಲು ಗೊತ್ತಾಗುತ್ತಿದ್ದದ್ದು ಅಕ್ಕನಿಗೆ. ಕಣ್ಣು ಮುಚ್ಚಿ ತಲೆಯನ್ನು ಒಂದು ಭುಜಕ್ಕೆ ಒರಗಿಸಿದರೆ ಸಾವು ಎಂದರ್ಥ. ಆಮೇಲೆ ಆ ಮನುಷ್ಯನ ಮೀಸೆಯನ್ನೋ ಕುಂಟನ್ನೋ ಮಾಡಿ ತೋರಿಸುತ್ತಿದ್ದಳು. ಅದನ್ನು ನೋಡಿಯೇ ಮಾವ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದ. ಅಕ್ಕ ಜೋಳದ ರೊಟ್ಟಿ, ಝುಣಕ ಮಾಡಿ ಬುತ್ತಿ ಕಟ್ಟಿ ಸತ್ತವರ ಮನೆಗೆ ಒಯ್ಯುತ್ತಿದ್ದಳು. ಎಷ್ಟೋ ಮನೆಗಳಿಗೆ ಮೊದಲ ಬುತ್ತಿ ಅವಳದೇ. ಶೆಡ್ಡಿನ ಹೆಂಗಸರು ಹೇಳಿರಬೇಕು ಎಂದುಕೊಳ್ಳುತ್ತಿದ್ದೆವು. ಹೀಗಾಗಿ ಸಾವಿನ ಸುದ್ದಿಯನ್ನು ಅಕ್ಕನಿಗೆ ಹೇಳುವುದು ಎಂಬ ಅಭ್ಯಾಸವೇ ಆ ಮನೆಯಲ್ಲಿ ಯಾರಿಗೂ ಹತ್ತಲಿಲ್ಲ. "ಅಕಿಗೇನ ಹೇಳೂದೈತಿ? ಅಕೀನ ನಮಗ ಹೇಳತಾಳ," ಅನ್ನುತ್ತಿದ್ದ ಮಾವ.

ಆಮೇಲೆ ಡಿಜಿಟಲ್ ಬಂತು. ಚಾನೆಲ್ಲುಗಳು ಎಲ್ಲಿಂದಲೋ ಬೀಗ ಹಾಕಿಕೊಂಡು ಬರತೊಡಗಿದವು. ಬೀಗ ತೆಗೆಯುವುದು ಮನೆಯೊಳಗಿನ ಬಾಕ್ಸು. ದಾರಿಯ ನಡುವೆ ಕೈಹಾಕಿ ಪಟ್ಟಿ ಅಂಟಿಸಲು ಕೇಬಲ್‌ನವನಿಗೆ ಸಂದಿಯೇ ಉಳಿಯಲಿಲ್ಲ. ಅವನು ಆ ಧಂದೆ ಬಿಟ್ಟು ದ್ರಾಕ್ಷಿ ತೋಟದ ಔಷಧ ಮಾರಲು ಕೂತ. ನಾನು ಅಕ್ಕನ ಮನೆಯ ಮೇಲೆ ಡಿಶ್ ನಿಲ್ಲಿಸಿ, ಒಳಗೆ ಚಪ್ಪಟೆ ಟಿವಿ ಹಚ್ಚಿ, ಎಂಥ ಚಂದದ ಚಿತ್ರ ನೋಡು ಎಂದು ಅಕ್ಕನನ್ನು ಕೂರಿಸಿದೆ. ನಾಯಕಿಯ ಕಾಲ್ಗೆಜ್ಜೆ ಸಹ ಕಾಣುತ್ತಿತ್ತು. ಅಕ್ಕ ಸ್ವಲ್ಪ ಹೊತ್ತು ನೋಡಿದಳು. ಎದ್ದುಬಂದು ಪರದೆಯ ಕೆಳಭಾಗವನ್ನು ಸೆರಗಿನಿಂದ ಒರೆಸಿದಳು. ಮತ್ತೆ ಕೂತು ನೋಡಿದಳು. ಮತ್ತೆ ಒರೆಸಿದಳು. ನನ್ನ ಕಡೆ ತಿರುಗಿ, ಪುಸ್ತಕದ ಸಾಲಿನ ಮೇಲೆ ಬೆರಳಿಡುವ ಹಾಗೆ ಮಾಡಿ, ಅಂಗೈ ಬರಿದು ಮಾಡಿ ತೋರಿಸಿದಳು. ಅಕ್ಷರ ಎಲ್ಲಿ?

ಅಯ್ಯೋ, ಪಾಪ, ಮಾತು ಓದಬೇಕು ಎಂದಿದ್ದಾಳೆ ಅನ್ನಿಸಿತು. ಎದೆ ಮುಟ್ಟಿಕೊಂಡು, ತಂದುಕೊಡುತ್ತೇನೆ ಎಂದು ಸನ್ನೆ ಮಾಡಿದೆ. ಇಷ್ಟು ದಿನ ಸುಳ್ಳು ಮಾತು ಓದಿದ್ದಾಳೆ, ಇನ್ನಾದರೂ ಖರೆ ಮಾತು ಓದಲಿ ಎಂಬುದು ನನ್ನ ಆಸೆ. ಟಿವಿಯ ರಿಮೋಟಿನಲ್ಲಿ ಸಬ್‌ಟೈಟಲ್ ಎಂಬ ಗುಂಡಿ ಇದ್ದೇ ಇತ್ತು. ಒತ್ತಿದೆ. ಏನೂ ಬರಲಿಲ್ಲ. ಗಟ್ಟಿಯಾಗಿ ಒತ್ತಿದೆ. ರಿಪೇರಿಯವರೂ ಗಟ್ಟಿಯಾಗಿ ಒತ್ತುತ್ತೇವೆ, ಅದರಲ್ಲಿ ನಾಚಿಕೆಯೇನಿಲ್ಲ.

ಅಲ್ಲಿಂದ ನನ್ನ ತಲೆ ಕೆಡಲು ಆರಂಭವಾಯಿತು. ಹಳೆಯ ಟಿವಿಯಲ್ಲಿ ಅಕ್ಷರಗಳು ಚಿತ್ರದ ಸಾಲಿನಲ್ಲೇ ಅಡಗಿರುತ್ತಿದ್ದವು, ಚಿತ್ರ ಹೋದಲ್ಲೆಲ್ಲ ಅವೂ ಹೋಗುತ್ತಿದ್ದವು. ಡಿಜಿಟಲ್‌ನಲ್ಲಿ ಹಾಗಲ್ಲವಂತೆ. ಚಿತ್ರ, ದನಿ, ಅಕ್ಷರ ಮೂರೂ ಬೇರೆ ಬೇರೆ ಪೊಟ್ಟಣಗಳಾಗಿ ಬರುತ್ತವೆ. ಪೊಟ್ಟಣ ಬಿಚ್ಚುವುದು ಬಾಕ್ಸು. ಬಾಕ್ಸಿನಿಂದ ಟಿವಿಗೆ ಹೋಗುವ ಹೊಸ ಚಪ್ಪಟೆ ಮೂತಿಯ ವೈರಿನಲ್ಲಿ ಚಿತ್ರವೂ ದನಿಯೂ ದಾಟುತ್ತವೆ, ಅಕ್ಷರದ ಪೊಟ್ಟಣ ಬಾಕ್ಸಿನಲ್ಲೇ ಉಳಿಯುತ್ತದೆ. ಆದ್ದರಿಂದ ಟಿವಿಯ ಗುಂಡಿ ಇದ್ದೂ ಇಲ್ಲದ ಹಾಗೆ. ಬಾಕ್ಸಿನ ಗುಂಡಿ ಬೇರೆ, ಅದು ಮೆನುವಿನೊಳಗೆ, ಇನ್ನೊಂದು ಮೆನುವಿನೊಳಗೆ. ಹುಡುಕಿ ಅದನ್ನೂ ಚಾಲೂ ಮಾಡಿದೆ. ಆನ್ ಎಂದು ತೋರಿಸಿತು. ಅಕ್ಷರ ಬರಲಿಲ್ಲ.

ಬಾಕ್ಸಿನ ಕಂಪನಿಗೆ ಫೋನ್ ಹಚ್ಚಿದೆ. ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ, "ಸರ್, ಒಂದ್ಸಲ ಬಾಕ್ಸ್ ಆಫ್ ಮಾಡಿ ಆನ್ ಮಾಡ್ತೀರಾ?" ಎಂದಳು. ಮಾಡಿದೆ. ಆಮೇಲೆ ಅದು ಟಿವಿಯವರ ಸಮಸ್ಯೆ ಎಂದಳು. ಟಿವಿಯವರಿಗೆ ಹಚ್ಚಿದರೆ ಅದು ಬಾಕ್ಸಿನವರದು ಎಂದರು. ಮತ್ತೆ ಬಾಕ್ಸಿನವರು, ಚಾನೆಲ್‌ನವರು ಕಳಿಸಿದರೆ ನಾವು ತೋರಿಸುತ್ತೇವೆ ಎಂದರು. ಚಾನೆಲ್‌ನವರ ನಂಬರು ಯಾರ ಹತ್ತಿರವೂ ಇರಲಿಲ್ಲ. ನಾನೇ ಟಿವಿಯವನಾಗಿ, ಟಿವಿಯವರನ್ನು ಇಷ್ಟು ಬೈದದ್ದು ಅದೇ ಮೊದಲು.

ಓದಿದಷ್ಟೂ ತಲೆ ತಿರುಗಿತು. ಕೆಲವು ಕಡೆ ಅಕ್ಷರವನ್ನು ಸಂಕೇತವಾಗಿ ಕಳಿಸುತ್ತಾರೆ, ಬಾಕ್ಸಿಗೆ ಆ ಲಿಪಿ ಗೊತ್ತಿರಬೇಕು. ಕೆಲವು ಕಡೆ ಅಕ್ಷರದ ಚಿತ್ರವನ್ನೇ ಕಳಿಸುತ್ತಾರೆ, ಬಾಕ್ಸಿಗೆ ಏನೂ ಗೊತ್ತಿರಬೇಕಾಗಿಲ್ಲ. ನಮ್ಮ ಬಾಕ್ಸು ಯಾವ ಪೈಕಿ? ಅದರ ತಳಕ್ಕೆ ಅಂಟಿಸಿದ ಚೀಟಿಯಲ್ಲಿ ಎಲ್ಲವೂ ಇತ್ತು, ಇದೊಂದಿರಲಿಲ್ಲ. ಸೌದಿಯಿಂದ ಗಿರಾಕಿಯೊಬ್ಬರು ತಂದ ಟಿವಿಯನ್ನು ಅಂಗಡಿಯಲ್ಲಿ ಹಚ್ಚಿ ನೋಡಿದೆ. ಗುಂಡಿ ಒತ್ತಿದಾಗ ಪರದೆಯ ಕೆಳಗೆ ಕಪ್ಪು ಪಟ್ಟಿಯೊಂದು ಬಂತು! ನಾನು ಕುರ್ಚಿ ಬಿಟ್ಟು ಎದ್ದೆ. ಪಟ್ಟಿ ಖಾಲಿಯಾಗಿ ನಿಂತಿತ್ತು. ಬಹಳ ಹೊತ್ತು ಕಾದೆ. ಖಾಲಿಯಾಗಿಯೇ ಮಾಯವಾಯಿತು. ಬೋಳು ತಲೆಗೆ ಹಣಿಗೆ ಸಿಕ್ಕ ಹಾಗಾಯಿತು ನನ್ನ ಸ್ಥಿತಿ.

ಪ್ರತಿ ಸಲ ತಿಕೋಟಾಕ್ಕೆ ಹೋದಾಗಲೂ ಅಕ್ಕ ಬಾಗಿಲಲ್ಲೇ ಬೆರಳು ಸಾಲಿನ ಮೇಲಿಟ್ಟ ಸನ್ನೆ ಮಾಡಿ ಹುಬ್ಬೇರಿಸುತ್ತಿದ್ದಳು. ಬಂತಾ? ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಅವಳು ಒಳಗೆ ಹೋಗಿ ಚಹಾ ತರುತ್ತಿದ್ದಳು, ಆದರೆ ಮೊದಲಿನಂತೆ ಎದುರು ಕೂರುತ್ತಿರಲಿಲ್ಲ. ಮೊಣಕಾಲು ನೋವು ಶುರುವಾಗಿ ಶೆಡ್ಡಿಗೆ ಹೋಗುವುದನ್ನೂ ಅವಳು ಬಿಟ್ಟಿದ್ದಳು. ದಿನವಿಡೀ ಟಿವಿಯ ಮುಂದೆ ಕೂತು, ಚಿತ್ರ ನೋಡದೆ ಚಿತ್ರದ ಕೆಳಗಿನ ಜಾಗ ನೋಡುತ್ತಿದ್ದಳು. "ಅಕಿಗೆ ಏನ ಆಗೈತಿ ತಿಳಿವಲ್ದು ತಮ್ಮಾ," ಅಂದ ಮಾವ. "ನಗೂದಿಲ್ಲ, ಅಳೂದಿಲ್ಲ. ಕೆಲವೊಮ್ಮೆ ಊಟಾನೂ ಬಿಡತಾಳ."

ಕೊನೆಗೆ ದಾರಿ ಸಿಕ್ಕಿತು. ಇಂಟರ್ನೆಟ್ಟಿನಿಂದ ಚಿತ್ರ ತರುವ ಒಂದು ಸಣ್ಣ ಕಡ್ಡಿಯನ್ನು ಟಿವಿಯ ಬೆನ್ನಿಗೆ ಚುಚ್ಚಿದೆ. ಒಂದು ಕನ್ನಡ ಸಿನಿಮಾ, ಕೆಳಗೆ ಕನ್ನಡದಲ್ಲೇ ಮಾತು. ಬಾಗಿಲು ಬಡಿದ ಸದ್ದು, ನಾಯಿ ಬೊಗಳಿದ ಸದ್ದು ಸಹ ಬರೆದಿದ್ದರು. ನನಗೆ ಕಣ್ಣು ತುಂಬಿ ಬಂತು. ಅಕ್ಕನನ್ನು ಕರೆದು ಕೂರಿಸಿ, ಗೆದ್ದ ಪೈಲ್ವಾನನ ಹಾಗೆ ಪಕ್ಕಕ್ಕೆ ನಿಂತೆ.

ಅಕ್ಕ ಓದಿದಳು. ತುಟಿ ಅಲುಗಿತು. ಪರದೆಯ ಮೇಲಿನ ಬಾಯಿಗಳನ್ನು ನೋಡಿದಳು, ಅಕ್ಷರ ನೋಡಿದಳು. ಅರ್ಥವಾಯಿತು ಎಂಬುದು ಮುಖದಲ್ಲಿ ಕಂಡಿತು. ಒಂದು ಕಡೆ ಸಣ್ಣಗೆ ನಕ್ಕಳು ಕೂಡ. ಆಮೇಲೆ ನನ್ನ ಕಡೆ ತಿರುಗಿ, ಇದಲ್ಲ ಎಂದು ಕೈಯಾಡಿಸಿದಳು.

ನನಗೆ ನೆತ್ತಿಗೇರಿತು. ಅವಳಿಗೆ ಕೇಳುವುದಿಲ್ಲ ಎಂಬುದೂ ಮರೆತು ಚೀರಿದೆ. "ಇದಲ್ಲಂದ್ರ ಇನ್ನೇನ ಬೇಕ ಬೇ ನಿನಗ? ವರ್ಷಗಟ್ಟಲೆ ಬಡದಾಡಿ ತಂದೇನಿ! ಸೀರಿ ರೇಟ್ ಬೇಕೇನ ನಿನಗ?"

ಅವಳು ನನ್ನ ಬಾಯಿ ನೋಡಿದಳು. ಎದ್ದು ಅಡುಗೆಮನೆಗೆ ಹೋದಳು. ಪರದೆಯ ಮೇಲೆ ನಾಯಿ ಬೊಗಳುತ್ತಲೇ ಇತ್ತು.

ಸ್ವಲ್ಪ ದಿನದ ಮೇಲೆ ಬಬಲೇಶ್ವರದ ಒಂದು ಮನೆಯಲ್ಲಿ ಟಿವಿಯನ್ನು ಗೋಡೆಗೆ ಕೂರಿಸುವ ಕೆಲಸ ಬಂತು. ಅಕ್ಕನ ಸಿಟ್ಟು ಇಳಿಯಲೆಂದು ಅವಳನ್ನೂ ಕರೆದೆ. ಹಿಂದಿನ ವರ್ಷ ಮೊಣಕಾಲಿನಿಂದಾಗಿ ಗೆಳತಿಯ ಮನೆಗೆ ಹೋಗಿರಲಿಲ್ಲ. ಬಬಲೇಶ್ವರ ಎಂದು ತಿಳಿದದ್ದೇ ತಡ, ಅವಳ ಮುಖ ಬಿಚ್ಚಿಕೊಂಡಿತು. ಟ್ರಂಕಿನಿಂದ ಇಳಕಲ್ ಸೀರೆ ತೆಗೆದಳು. ಒಳ್ಳೆಯ ಹಸಿರು ಮಣೂಕವನ್ನು ಒಂದೊಂದಾಗಿ ಆರಿಸಿ ಚೀಲ ತುಂಬಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಗೆಳತಿಗೆ ಹೇಳಬೇಕಾದದ್ದನ್ನು ಮಡಿಲಲ್ಲೇ ಕೈಯಿಂದ ಹೇಳಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಆ ಬೆರಳುಗಳನ್ನು ನೋಡಿ, ಇಷ್ಟು ಮಾತು ಇವಳಲ್ಲಿ ಎಲ್ಲಿತ್ತು ಎಂದು ನನಗೆ ಆಶ್ಚರ್ಯವಾಯಿತು.

ಗೆಳತಿಯ ಮಗಳು ಬಾಗಿಲು ತೆರೆದಳು. "ಬರ್ರಿ, ಬರ್ರಿ ಅಕ್ಕಾರ," ಎಂದು ಅಕ್ಕನ ಕೈ ಹಿಡಿದಳು. ಅಕ್ಕ ನಗುತ್ತ ಒಳಗೆಲ್ಲ ಕಣ್ಣಾಡಿಸಿ, ಮಣೂಕದ ಚೀಲ ಮುಂದೆ ಹಿಡಿದು, ಎಲ್ಲಿ ಅವಳು ಎಂದು ಕೇಳಿದಳು. ಆ ಹೆಣ್ಣುಮಗಳ ಮುಖ ಬದಲಾಯಿತು. ನನ್ನ ಕಡೆ ತಿರುಗಿದಳು.

"ಅಕ್ಕಾರಿಗೆ ಗೊತ್ತಿಲ್ಲೇನ್ರಿ?"

"ಏನ್ರಿ?"

"ಅಮ್ಮಾ ತೀರಿಕೊಂಡಾರಲ್ರಿ. ಹ್ವಾದ ಬ್ಯಾಸಗಿ ಒಳಗ. ತಿಕೋಟಾದಿಂದ ಎಷ್ಟ ಮಂದಿ ಬಂದಿದ್ರು ಮಣ್ಣಿಗೆ. ನಿಮ್ಮ ಮಾವಾರೂ ಬಂದಿದ್ರು. ಅಕ್ಕಾರು ಬರಲಿಲ್ಲೇನ್ರಿ ಅಂತ ನಾನ ಕೇಳಿದೆ. ಅಕಿಗೆ ಮೊಣಕಾಲ ನೋವು, ಬರಾಕ ಆಗೂದಿಲ್ಲ ಅಂದ್ರು."

ನಾನು ಅಂಗಳಕ್ಕೆ ಬಂದು ಮಾವನ ಫೋನಿಗೆ ಹಚ್ಚಿದೆ. ಅಕ್ಕನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಅಕಿಗೆ ಗೊತ್ತಿರಲಿಲ್ಲೇನೋ?" ಎಂದ ಮಾವ. ಅವನ ದನಿಯೂ ನನ್ನಷ್ಟೇ ಗೊಂದಲದಲ್ಲಿತ್ತು. "ನಾ ವಿಜಯಪುರದಾಗ ಇದ್ದೆ, ಫೋನಿಗೆ ಮೆಸೇಜ್ ಬಂತು, ಅಲ್ಲಿಂದನ ಹೋದೆ. ಸಂಜೀಕ ಮನಿಗೆ ಬಂದ್ರ ಅಕಿ ಟಿವಿ ಮುಂದ ಸುಮ್ಮನ ಕುಂತಿದ್ಳು. ದುಃಖದಾಗ ಅದಾಳ, ಕೆದಕೂದು ಬ್ಯಾಡ ಅಂದ್ಕೊಂಡೆ. ಅಲ್ಲೋ ತಮ್ಮಾ, ಅಕಿಗೆ ಎಲ್ಲಾ ಮೊದಲ ಗೊತ್ತ ಇರತಿತ್ತಲ್ಲೋ!"

ಮೊದಲು ಗೊತ್ತಿರುತ್ತಿತ್ತು. ಹೇಗೆ ಗೊತ್ತಿರುತ್ತಿತ್ತು?

ಅಲ್ಲೇ, ಆ ಅಂಗಳದಲ್ಲಿ, ನನ್ನ ಮಂಕು ಬುದ್ಧಿಗೆ ಬೆಳಕು ಬಿತ್ತು. ಪರದೆಯಲ್ಲಿ ಕುಣಿತ ನಡೆದಾಗ ಅವಳು ಕಣ್ಣೊರೆಸಿಕೊಂಡದ್ದು ಕಥೆ ತಪ್ಪು ತಿಳಿದಿದ್ದರಿಂದಲ್ಲ. ಕೆಳಗಿನ ಪಟ್ಟಿಯಲ್ಲಿ ಯಾರೋ ತೀರಿಕೊಂಡಿದ್ದರು. ತಾಯಿ ಅಳುವಾಗ ಅವಳು ನಕ್ಕದ್ದು ಯಾರದೋ ಮನೆಯ ಮದುವೆಗೆ. ರಾಜ ಅಡವಿಗೆ ಹೋಗಲಿ ಬಿಡಲಿ, ಅವಳಿಗೆ ಅದರಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಅವಳು ಓದುತ್ತಿದ್ದದ್ದು ತಿಕೋಟಾವನ್ನು. ಶೆಡ್ಡಿನ ಹೆಂಗಸರು ಅವಳಿಗೆ ಹೇಳುತ್ತಿರಲಿಲ್ಲ, ಅವಳೇ ಅವರಿಗೆ ಹೇಳುತ್ತಿದ್ದಳೇನೋ. ಈಗ ಊರಿನ ಸುದ್ದಿಯೆಲ್ಲ ಫೋನಿಗೆ ಬರುತ್ತದೆ. ಸತ್ತವರು, ಮದುವೆಯಾಗುವವರು, ಕಳೆದ ಎಮ್ಮೆಗಳು, ಎಲ್ಲರೂ ಮಾವನ ಜೇಬಿನಲ್ಲಿದ್ದರು. ಅಕ್ಕನಿಗೆ ಫೋನಿರಲಿಲ್ಲ. ಕಿವಿ ಕೇಳದವಳಿಗೆ ಫೋನ್ ಯಾಕೆ?

ಒಳಗೆ ಹೋದಾಗ ಅಕ್ಕ ಇನ್ನೂ ನಗುತ್ತಲೇ ನಿಂತಿದ್ದಳು, ಚೀಲ ಹಿಡಿದುಕೊಂಡು. ಗೆಳತಿಯ ಮಗಳು ಗೋಡೆಗೆ ಆತು ಅಳುತ್ತಿದ್ದಳು. ನಾನೇ ಹೇಳಬೇಕಾಯಿತು. ಕಣ್ಣು ಮುಚ್ಚಿ ತಲೆಯನ್ನು ಭುಜಕ್ಕೆ ಒರಗಿಸಿದೆ. ಚೇಷ್ಟೆ ಎಂದುಕೊಂಡು ಅಕ್ಕ ನನ್ನ ಕೈಗೆ ಪಟ್ಟನೆ ಹೊಡೆದಳು. ಮತ್ತೆ ಮಾಡಿದೆ. ಅವಳು ನನ್ನನ್ನು ಬಿಟ್ಟು ಆ ಮಗಳ ಮುಖ ನೋಡಿದಳು. ಚೀಲವನ್ನು ನೆಲಕ್ಕಿಟ್ಟಳು. ಅವಳು ಅಳಲಿಲ್ಲ. ಆ ಮಗಳನ್ನು ಹತ್ತಿರ ಎಳೆದುಕೊಂಡು, ಅವಳ ಬೆನ್ನನ್ನು ಸವರುತ್ತ ಬಹಳ ಹೊತ್ತು ನಿಂತಳು.

ಬಬಲೇಶ್ವರದ ಬಸ್ ನಿಲ್ದಾಣದಲ್ಲಿ ಕಟ್ಟೆಯ ಮೇಲೆ ಕೂತೆವು. ಟಿವಿ ಕೂರಿಸುವ ಕೆಲಸಕ್ಕೆ ನಾಳೆ ಬರುತ್ತೇನೆಂದು ಹೇಳಿ ಕಳಿಸಿದ್ದೆ. ಅಕ್ಕ ನನ್ನ ತೊಡೆ ತಟ್ಟಿದಳು. ಕಣ್ಣು ಮುಚ್ಚಿ ತಲೆ ಒರಗಿಸಿದಳು. ಆಮೇಲೆ ಕೈ ಬಿಡಿಸಿ ಹುಬ್ಬೇರಿಸಿದಳು. ಇನ್ಯಾರು?

ಪಟ್ಟಿ ನಿಂತು ವರ್ಷಗಳಾಗಿದ್ದವು. ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಯಾರದು ಗೊತ್ತಿದೆ, ಯಾರದು ಗೊತ್ತಿಲ್ಲ, ಅದೂ ತಿಳಿಯಲಿಲ್ಲ. ಹಿಟ್ಟಿನ ಗಿರಣಿಯವನನ್ನು ಮಾಡಿ ತೋರಿಸಿದೆ. ಅವಳು ತಲೆಯಾಡಿಸಿದಳು, ಗೊತ್ತು. ತಿಕೋಟಾ ನಿಲ್ದಾಣದ ಎದುರಿನ ಚಹಾದವನು? ಅದು ಗೊತ್ತಿರಲಿಲ್ಲ. ತಲೆ ತಗ್ಗಿಸಿದಳು. ಅವಳಿಗೆ ಅಕ್ಷರ ಕಲಿಸಿದ ಮಾಸ್ತರರು. ಪಾಟಿ ಹಿಡಿದು ಬರೆಯುವ ಸನ್ನೆ ಮಾಡಿದಾಗ ಅವಳ ಬಾಯಿಂದ ಸಣ್ಣ ದನಿಯೊಂದು ಬಂತು. ವಿಜಯಪುರದ ಬಸ್ಸು ಬಂದು ನಿಂತಿತು. ನಾನು ಏಳಲು ಹೋದರೆ ಅಂಗಿ ಹಿಡಿದು ಕೂರಿಸಿದಳು. ಬಸ್ಸು ಹೋಯಿತು.

ಆಮೇಲೆ ಅವಳು ಶುರು ಮಾಡಿದಳು. ಎರಡೂ ಮುಂಗೈಗಳ ಸುತ್ತ ಬೆರಳು ತಿರುಗಿಸಿದಳು, ಬಳೆಗಾರ. ತಲೆ ಒರಗಿಸಿದಳು. ಕೇಳುತ್ತಿರಲಿಲ್ಲ, ನನಗೆ ತಿಳಿಸುತ್ತಿದ್ದಳು. ನಾನು ಅಲ್ಲವೆಂದೆ. ಬಳೆಗಾರ ಮಗನ ಜೊತೆ ವಿಜಯಪುರದಲ್ಲಿ ಅಂಗಡಿ ಹಾಕಿದ್ದಾನೆ, ಓಣಿ ತಿರುಗುವುದನ್ನು ಬಿಟ್ಟಿದ್ದಾನೆ ಅಷ್ಟೇ. ಅವಳು ನಂಬಲಿಲ್ಲ. ಶೆಡ್ಡಿನ ಮಾಲೀಕನ ಹೊಟ್ಟೆ ಮಾಡಿ ತಲೆ ಒರಗಿಸಿದಳು. ಇದ್ದಾನೆ ಎಂದೆ, ಕಾಲು ಊದಿಕೊಂಡು ಮನೆಯಲ್ಲೇ ಕೂತಿದ್ದಾನೆ. ಹಾಲಿನವಳನ್ನು ಮಾಡಿದಳು. ಅವಳು ವಿಜಯಪುರದ ಅಥಣಿ ರಸ್ತೆಯಲ್ಲಿ ನನ್ನ ಮನೆಯಿರುವ ಲೇಔಟಿಗೇ ಬಂದಿದ್ದಾಳೆ, ದಿನಾ ನೋಡುತ್ತೇನೆ. ಅಕ್ಕ ನನ್ನನ್ನು ದಿಟ್ಟಿಸಿದಳು. ಎರಡು ಬೆರಳೆತ್ತಿ, ಬಾಯಿ ಮುಚ್ಚಿ, ಮತ್ತೆ ಬಳೆಯ ಸನ್ನೆ ಮಾಡಿದಳು. ಬಳೆಗಾರನಿಗಾಗಿ ಅವಳು ಎರಡು ದಿನ ಊಟ ಬಿಟ್ಟಿದ್ದಳು.

ಸಾಲು ನಿಂತ ಮೇಲೆ ಅವಳಿಗೆ ಇದ್ದದ್ದು ಒಂದೇ ದಾರಿ. ಬಹಳ ದಿನ ಕಾಣದವರನ್ನು ಸತ್ತರೆಂದು ತಿಳಿದು, ಆ ಟಿವಿಯ ಮುಂದೆ ಕೂತು, ಒಬ್ಬೊಬ್ಬರನ್ನಾಗಿ ಕಳಿಸಿಕೊಟ್ಟಿದ್ದಳು. ಹಾಗಾದರೆ ಇವಳು? ನಾನು ಬಂದ ದಾರಿಯ ಕಡೆ, ಗೆಳತಿಯ ಮನೆಯ ಕಡೆ ಕೈ ತೋರಿಸಿದೆ. ವರ್ಷ ದಾಟಿತ್ತಲ್ಲ ಇವಳನ್ನು ನೋಡಿ, ಅನ್ನಿಸಲಿಲ್ಲವೇ? ಅಕ್ಕ ಪೆದ್ದನನ್ನು ನೋಡುವ ಹಾಗೆ ನನ್ನನ್ನು ನೋಡಿ, ಇಲ್ಲವೆಂದು ತಲೆಯಾಡಿಸಿದಳು. ಕಾಣದೆ ಹೋದ ಊರಿನವರನ್ನೆಲ್ಲ ಅವಳು ಅತ್ತು ಮುಗಿಸಿದ್ದಳು, ಗೆಳತಿಯೊಬ್ಬಳನ್ನು ಬಿಟ್ಟು.